ಕಾರಿನ ಮೀಟರಿನ ದೀಪವೆಲ್ಲ ಒಟ್ಟಿಗೇ ಹತ್ತಿದರೆ ಮೊದಲು ವೋಲ್ಟೇಜ್ ಕೇಳಿ

ಹೋದ ತಿಂಗಳು ತಂಗಿ ಮಗಳ ಕುಬುಸಕ್ಕೆ ಅಂತ ವಿಜಯಪುರದಿಂದ ಬಾಗಲಕೋಟೆಗೆ ಹೊರಟಿದ್ದೆವು. ಕೊಲ್ಹಾರ ದಾಟಿ ಕೃಷ್ಣಾ ಸೇತುವೆ ಮೇಲೆ ಹೋಗುವಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯೋದು), ಏರ್‌ಬ್ಯಾಗ್, ಸ್ಟೀರಿಂಗ್, ಚೆಕ್ ಎಂಜಿನ್, ಹೀಗೆ ಸಾಲಾಗಿ ದೀಪ ಹತ್ತಿಕೊಂಡವು. ಪಕ್ಕದಲ್ಲಿ ಕೂತ ಹೆಂಡತಿ "ಏನ್ರೀ ಇದು, ಹನುಮಪ್ಪನ ಗುಡಿ ಕಾರ್ತಿಕ ಇದ್ದಂಗ ಐತಲ್ಲ" ಅಂದಳು. ನನಗೆ ನಗು ಬರಲಿಲ್ಲ. ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಗಿತ್ತು. ಆ ಸೇತುವೆ ಸುಮಾರು 3 ಕಿಲೋಮೀಟರ್ ಉದ್ದ, ನಡುವೆ ನಿಲ್ಲಿಸುವ ಹಾಗಿಲ್ಲ. ಎಂಜಿನ್ ಎಣ್ಣೆಯ ಕೆಂಪು ದೀಪ ಹತ್ತಿಲ್ಲ, ಟೆಂಪರೇಚರ್ ಮುಳ್ಳು ತನ್ನ ಜಾಗದಲ್ಲೇ ಇದೆ, ಬ್ರೇಕ್ ಹಿಡಿಯುತ್ತಿದೆ ಅಂತ ನೋಡಿಕೊಂಡು ನಿಧಾನಕ್ಕೆ ಆಚೆ ದಡದ ಕೊರ್ತಿ ಕಡೆ ಮುಟ್ಟಿಸಿದೆ. ಗಾಡಿ ಬಂದ್ ಮಾಡಿ, ಎಸಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏರ್‌ಬ್ಯಾಗ್ ದೀಪ ಒಂದು ಬಿಟ್ಟು ಎಲ್ಲವೂ ಆರಿದವು. ಸ್ಟೀರಿಂಗೂ ಹಗುರ. ಎಸಿ ಇದ್ದಾಗ ತೊಂದರೆ, ಆಫ್ ಮಾಡಿದರೆ ಇಲ್ಲ. ಉತ್ತರ ಅಲ್ಲೇ ಇತ್ತು, ನನ್ನ ತಲೆಗೆ ಹೊಳೆಯಲಿಲ್ಲ ಅಷ್ಟೇ.

ಮರುದಿನ ಒಂದು ಸರ್ವಿಸ್ ಸೆಂಟರ್‌ಗೆ ಒಯ್ದೆ. ಹುಡುಗ ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಚುಚ್ಚಿದ, 7 ಕೋಡ್ ಬಂದವು, ಎಬಿಎಸ್ ಯೂನಿಟ್ ಮತ್ತು ಸ್ಟೀರಿಂಗ್ ಮೋಟರ್ ಬದಲಿಸಬೇಕು ಸರ್, 62,000 ಆಗುತ್ತೆ ಅಂದ. ಎಷ್ಟು ಸಲೀಸಾಗಿ ಅಂದ ಅಂತೀರಿ! ಬಾನೆಟ್ ಎತ್ತಲೂ ಇಲ್ಲ. ಮನೆಗೆ ಬಂದು ಆ ಪ್ರಿಂಟ್ ನೋಡುತ್ತೇನೆ, 7ರಲ್ಲಿ 4 ಕೋಡ್ ಹೇಳುವುದು ಒಂದೇ ಮಾತು, ವೋಲ್ಟೇಜ್ ಕಡಿಮೆ. ಇನ್ನೊಂದು ಯು0121, ಅಂದರೆ ಎಬಿಎಸ್ ಜೊತೆ ಮಾತು ನಿಂತಿದೆ ಅಂತ. ಸ್ಕ್ಯಾನರ್ ಯಾರ್ಯಾರು ಅತ್ತರು ಅಂತ ಹೇಳುತ್ತದೆ, ಹೊಡೆದವರು ಯಾರು ಅಂತ ನಾವೇ ಹುಡುಕಬೇಕು.

ಇಂಡಿ ರಸ್ತೆಯಲ್ಲಿ ನಮ್ಮ ಹಳೇ ಮಿಸ್ತ್ರಿ ಇದ್ದಾರೆ. ಅವರು ಸ್ಕ್ಯಾನರ್ ಮುಟ್ಟಲೇ ಇಲ್ಲ, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದರು. ಗಾಡಿ ಆಫ್ ಇದ್ದಾಗ ಬ್ಯಾಟರಿ 12.5 ವೋಲ್ಟ್. ಸ್ಟಾರ್ಟ್ ಮಾಡಿದ ಮೇಲೆ 14.1. ಅಂದರೆ ಬ್ಯಾಟರಿ ಸರಿ, ಡೈನಮೋನೂ ಸರಿ. ಆಮೇಲೆ "ಸಾಹೇಬ್ರ, ಹೆಡ್‌ಲೈಟ್ ಹಚ್ರಿ, ಎಸಿ ಹಾಕ್ರಿ" ಅಂದವರೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಾಡಿಯ ತಗಡಿಗೆ ಹಿಡಿದರು. 1.6 ವೋಲ್ಟ್ ತೋರಿಸಿತು. "ಇದು ಸೊನ್ನಿ ಹತ್ರ ಇರಬೇಕ್ರೀ. ನೋಡ್ರಿ, ನಿಮ್ಮ ಅರ್ಥಿಂಗ್ ಹೋಗೇತಿ."

ಮೈನಸ್‌ನಿಂದ ಬಾಡಿಗೆ ಹೋಗುವ ಕಪ್ಪು ವೈರ್ ಇರುತ್ತಲ್ಲ, ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ, ಅದರ ಬೋಲ್ಟ್ ಸಡಿಲ, ಕೆಳಗೆ ಹಸಿರು ಕಿಲುಬು. 10 ನಂಬರ್ ಪಾನಾ ಹಾಕಿ ಬಿಚ್ಚಿ, ತಗಡು ಹೊಳೆಯುವ ತನಕ ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಬಿಗಿದು, ಮೇಲೆ ಚೂರು ವ್ಯಾಸಲಿನ್. ಮತ್ತೆ ಮೀಟರ್ ಹಿಡಿದರೆ 0.04. ಏರ್‌ಬ್ಯಾಗ್ ದೀಪ ಮಾತ್ರ ತಾನಾಗಿ ಆರಲಿಲ್ಲ, ಆಗ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದರು. 300 ರೂಪಾಯಿ ತಗೊಂಡರು.

ನನಗೆ ಸಿಟ್ಟು ಬರೋದು ಇಲ್ಲೇ. ಒಂದೇ ದಿನ, ಒಂದೇ ಗಳಿಗೆಗೆ ನಾಲ್ಕು ಯೂನಿಟ್ ಒಟ್ಟಿಗೆ ಸಾಯ್ತಾವಾ? ಈಗಿನ ಕಾರಿನಲ್ಲಿ ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ಎಲ್ಲ ಬೇರೆ ಬೇರೆ ಕಂಪ್ಯೂಟರ್. ಕರೆಂಟ್ ಕಡಿಮೆ ಬಂದರೆ ಒಂದೊಂದೂ ತನ್ನ ದೀಪ ಹಚ್ಚುತ್ತದೆ. ಸ್ಟೀರಿಂಗ್ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದಕ್ಕೇ ಅದು ಮೊದಲು ಬಿಗಿಯಾಗೋದು. ಇವೆಲ್ಲ ಮಾತಾಡೋದು ಹೆಣೆದುಕೊಂಡ ಎರಡು ವೈರಿನ ಮೇಲೆ, ಕ್ಯಾನ್ ಅಂತಾರೆ, 1986ರಲ್ಲಿ ಬಾಷ್ ಕಂಪನಿ ಹೊರಗೆ ತಂದಿದ್ದು. ಒಂದು ಯೂನಿಟ್ ಸುಮ್ಮನಾದರೆ ಉಳಿದವೆಲ್ಲ ದೂರು ಹೇಳಲು ಶುರು ಮಾಡ್ತಾವೆ. ಇಲಿ ಆ ವೈರ್ ಕಡಿದರೂ ಹೀಗೇ. ಹೊಲದ ಮನೆ ಮುಂದೆ ಗಾಡಿ ನಿಲ್ಲಿಸುವವರು ಅದನ್ನೂ ನೋಡಿಸಿ.

ಎಬಿಎಸ್, ಟ್ರ್ಯಾಕ್ಷನ್ (ಚಕ್ರ ಜಾರದಂತೆ ನೋಡೋದು), ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯೋದು) ಈ ಮೂರೇ ಹತ್ತಿದರೆ ಕಥೆ ಬೇರೆ. ಬಹಳ ಸಲ ಒಂದು ಚಕ್ರದ ಸೆನ್ಸರ್ ಅಷ್ಟೇ. ಕಬ್ಬಿನ ಸೀಸನ್‌ನಲ್ಲಿ ಮುಧೋಳ, ಜಮಖಂಡಿ ಕಡೆ ಕೆಸರಿನಲ್ಲಿ ಓಡಾಡಿದ ಗಾಡಿ ಆದರೆ ಮೊದಲು ಚಕ್ರದ ಒಳಗೆ ತೊಳೆಸಿ ನೋಡಿ.

ಹಾಗಂತ ಎಲ್ಲಕ್ಕೂ ವೈರ್ ತಿಕ್ಕುತ್ತಾ ಕೂರಬೇಡಿ ಮತ್ತೆ. ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ ಓಡುವಾಗ ಹತ್ತಿದರೆ, ಎಂಜಿನ್ ಬಿಸಿಯಾದರೆ, ಎಬಿಎಸ್ ಜೊತೆ ಬ್ರೇಕಿನ ಕೆಂಪು ದೀಪವೂ ಬಂದರೆ ಬದಿಗೆ ನಿಲ್ಲಿಸಿ, ಟೋಯಿಂಗ್ ಕರೆಸಿ. ಬ್ಯಾಟರಿಯ ಕೆಂಪು ದೀಪ ಅಂದರೆ ಬಹಳ ಸಲ ಡೈನಮೋ ಅಥವಾ ಅದರ ಬೆಲ್ಟ್, ಗಾಡಿ ಹೆಚ್ಚು ದೂರ ಹೋಗಲ್ಲ.

ಮೊನ್ನೆ ಆ ಸರ್ವಿಸ್ ಸೆಂಟರ್ ಹುಡುಗ ಫೋನ್ ಮಾಡಿದ್ದ. "ಸರ್, ಎಬಿಎಸ್ ಯೂನಿಟ್ ಆರ್ಡರ್ ಹಾಕ್ಲಾ? ಅರ್ಧ ಅಡ್ವಾನ್ಸ್ ಕಟ್ಟಬೇಕು." ವೋಲ್ಟೇಜ್ ಎಷ್ಟಿತ್ತಪ್ಪಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ವೋಲ್ಟೇಜ್ ಸರ್?" ಅಂದ.