ರಾಯ್ಸ್ ಹೇಳಿದ್ದು ಅದಲ್ಲ: ವಾಟರ್‌ಫಾಲ್ ಬಗ್ಗೆ ಒಂದು ಸ್ಪಷ್ಟನೆ

ಸಿಸ್ಟಮ್ ಅನಾಲಿಸಿಸ್ ಅಂಡ್ ಡಿಸೈನ್ ಎಂಬ ವಿಷಯ ಓದುವವರ ನೋಟ್ಸ್‌ಗಳಲ್ಲಿ ಒಂದು ಮಾತು ಓಡಾಡುತ್ತಲೇ ಇದೆ. 1970ರಲ್ಲಿ ಅಮೆರಿಕದ ಸಾಫ್ಟ್‌ವೇರ್ ತಜ್ಞ ವಿನ್‌ಸ್ಟನ್ ರಾಯ್ಸ್ ವಾಟರ್‌ಫಾಲ್ ಮಾದರಿ (ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಇಳಿಯುತ್ತಾ ಸಾಫ್ಟ್‌ವೇರ್ ಕಟ್ಟುವ ಕ್ರಮ) ಕಂಡುಹಿಡಿದರು, ಒಂದು ಹಂತ ಮುಗಿದ ಮೇಲೆ ಹಿಂದೆ ನೋಡಬಾರದು ಎಂದರು ಅಂತ. ಇದು ತಪ್ಪು.

ಆ ವರ್ಷದ ಅವರ ಪ್ರಬಂಧದಲ್ಲಿ ಮೆಟ್ಟಿಲು ಮೆಟ್ಟಿಲಾದ ಚಿತ್ರವೇನೋ ಇದೆ. ಸಾಫ್ಟ್‌ವೇರ್ ಏನು ಮಾಡಬೇಕು ಎಂಬ ಅಗತ್ಯಗಳಿಂದ ಶುರುವಾಗಿ ವಿಶ್ಲೇಷಣೆ, ವಿನ್ಯಾಸ, ಕೋಡಿಂಗ್, ಟೆಸ್ಟಿಂಗ್ ದಾಟಿ ಬಳಕೆಯವರೆಗೆ. ಆದರೆ ಅದನ್ನು ತೋರಿಸಿದ ಬೆನ್ನಲ್ಲೇ ರಾಯ್ಸ್ ಎಚ್ಚರಿಸುತ್ತಾರೆ: ಹೀಗೆ ಮಾಡುವುದು ಅಪಾಯ, ಸೋಲನ್ನು ಕರೆದಂತೆ. ಯಾಕೆಂದರೆ ಟೆಸ್ಟಿಂಗ್ ಬರುವುದು ಕೊನೆಗೆ. ಅಲ್ಲಿ ದೊಡ್ಡ ದೋಷ ಸಿಕ್ಕಿತೆನ್ನಿ, ವಿನ್ಯಾಸವನ್ನೇ ಬದಲಿಸಬೇಕು. ಕೆಲವೊಮ್ಮೆ ಅಗತ್ಯಗಳನ್ನೇ ತಿದ್ದಬೇಕು. ಖರ್ಚೋ ಸಮಯವೋ ದುಪ್ಪಟ್ಟಾಗಬಹುದು. ಅದಕ್ಕೇ ಅವರ ಸಲಹೆ, ಮೊದಲು ಪುಟ್ಟದಾಗಿ ಒಮ್ಮೆ ಕಟ್ಟಿ ನೋಡಿ, ಆಮೇಲೆ ನಿಜವಾದದ್ದು ಕಟ್ಟಿ. ಗ್ರಾಹಕರನ್ನೂ ಮೊದಲಿನಿಂದ ಜೊತೆಗೆ ಇಟ್ಟುಕೊಳ್ಳಿ ಎನ್ನುತ್ತಾರೆ. ಚಿತ್ರ ನೋಡಿ ಮುಂದಿನ ಪುಟ ತಿರುಗಿಸದವರೇ ಜಾಸ್ತಿ ಅನಿಸುತ್ತದೆ!

ಇನ್ನು ಹೆಸರಿನ ವಿಷಯ. 'ವಾಟರ್‌ಫಾಲ್' ಎಂಬ ಪದ ಆ ಪ್ರಬಂಧದಲ್ಲಿ ಎಲ್ಲೂ ಇಲ್ಲ. ಅದು ಕಾಣಿಸಿಕೊಂಡಿದ್ದು 1976ರಲ್ಲಿ, ಬೆಲ್ ಮತ್ತು ಥೇಯರ್ ಅವರ ಪ್ರಬಂಧದಲ್ಲಿ. ಹಂತ ಹಂತವಾಗಿ ಕೆಲಸ ಮಾಡುವ ಕ್ರಮವನ್ನು ರಾಯ್ಸ್‌ಗೂ ಮೊದಲು, 1956ರಲ್ಲೇ ಹರ್ಬರ್ಟ್ ಬೆನಿಂಗ್ಟನ್ ವಿವರಿಸಿದ್ದರು.