ಬರಗೂರು ಬೆಟ್ಟದ ದನ ಕಾಡಿಗೆ ಹೋಗಬೇಕೆ?

ಪರ

ತಮಿಳುನಾಡಿನ ಈರೋಡು ಜಿಲ್ಲೆಯ ಅಂದಿಯೂರಿನಿಂದ ಘಟ್ಟ ಹತ್ತಿದರೆ ಬರಗೂರು ಬೆಟ್ಟ. ಅಲ್ಲಿನ ಲಿಂಗಾಯತರ ಮನೆಮಾತು ಕನ್ನಡ, ಬಾಳು ದನದ್ದು. ಕಂದು ಮೈಮೇಲೆ ಬಿಳಿ ಮಚ್ಚೆ ಎರಚಿದಂತಿರುವ ಬರಗೂರು ತಳಿಯನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರು ಅವರೇ. ಹಾಲು ಕಡಿಮೆ, ಕಾಸು ಹುಟ್ಟುವುದು ಉಳುವ ಎತ್ತಿನಿಂದ, ಗೊಬ್ಬರದಿಂದ. ಕಾಡಿನ ದೊಡ್ಡಿಯಲ್ಲಿ ರಾತ್ರಿ ಕೂಡಿದ ಮಂದೆಯ ಸಗಣಿಗೆ ಬಯಲಿನ ರೈತರು ಗಿರಾಕಿಗಳು.

2022ರಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಹುಲಿ ಮೀಸಲು, ವನ್ಯಧಾಮಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. 2024ರಲ್ಲಿ ಈ ಬೆಟ್ಟದ ಕಾಡು ತಂದೈ ಪೆರಿಯಾರ್ ವನ್ಯಧಾಮಕ್ಕೆ ಸೇರಿತು. ನಿನ್ನೆ ಮೇದ ಹಾದಿಯಲ್ಲೇ ಇಂದು ಮೇದರೆ ಅಪರಾಧ! 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವುದನ್ನು ಸಮುದಾಯದ ಹಕ್ಕೆಂದು ಹೆಸರಿಟ್ಟೇ ಹೇಳುತ್ತದೆ. ವನ್ಯಧಾಮಗಳನ್ನೂ ಅದು ಹೊರಗಿಟ್ಟಿಲ್ಲ. ಬುಡಕಟ್ಟಿನವರಲ್ಲದವರು ಮಾತ್ರ ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲೆಗೆ ಪುರಾವೆ ಕೊಡಬೇಕು. ತಳಿಗೇ ಊರಿನ ಹೆಸರಿರುವಾಗ ಇನ್ನಾವ ಪುರಾವೆ?

ಈ ತಳಿ ಉಳಿಯಲೆಂದು ಪಶುವೈದ್ಯ ವಿಶ್ವವಿದ್ಯಾಲಯ ಬರಗೂರಿನಲ್ಲೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಕೇಂದ್ರದಲ್ಲಿ ನಾಲ್ಕು ದನ ಉಳಿಸಿ, ಬೆಟ್ಟದ ಮಂದೆಯನ್ನು ಕಟುಕರಿಗೆ ಮಾರಿಸುವುದು ಯಾವ ಸಂರಕ್ಷಣೆ?

ವಿರೋಧ

ತಳಿಯ ಮೇಲಿನ ಅಭಿಮಾನ ನನಗೂ ಇದೆ. ಆದರೆ ಕಾಡಿಗೆ ನುಗ್ಗುವ ಮಂದೆಯೆಲ್ಲ ಬರಗೂರಿನದೇ? ಗಡಿಯ ಕಾಡುಗಳಲ್ಲಿ ದನ ಒಬ್ಬನದು, ಕಾಯುವವನು ಇನ್ನೊಬ್ಬ. ಬಯಲಿನ ಧಣಿಗೆ ಪುಕ್ಕಟೆ ಮೇವು, ಹುಲಿಯ ಬಾಯಿಯ ಅಂಜಿಕೆ ಕೂಲಿಯವನಿಗೆ. ಇದನ್ನು ಸಂಪ್ರದಾಯವೆಂದು ಕರೆಯಲು ನಾನು ಒಪ್ಪುವುದಿಲ್ಲ.

ಗಡಿಯಾಚೆಯ ಹೂಗ್ಯಂ ನೆನಪಿದೆಯಲ್ಲ? ಮಲೆ ಮಹದೇಶ್ವರ ವನ್ಯಧಾಮದ ಆ ಕಾಡಿನಲ್ಲಿ 2025ರ ಜೂನ್‌ನಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ಒಟ್ಟಿಗೆ ಸತ್ತುಬಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಹಸು ಕಳೆದುಕೊಂಡವರ ಸಂಕಟ ಸುಳ್ಳಲ್ಲ. ಒಳಗಾಡಿಗೆ ಹಸು ಹೋಗುತ್ತಿರುವಷ್ಟು ಕಾಲ ಆ ಸಂಕಟವೂ ತಪ್ಪುವುದಿಲ್ಲ, ವಿಷವೂ ತಪ್ಪುವುದಿಲ್ಲ.

ಕಾಲುಬಾಯಿ ಜ್ವರ ದನದಿಂದ ಕಾಟಿಗೆ, ಅಂದರೆ ಕಾಡುಕೋಣಕ್ಕೆ, ದಾಟುತ್ತದೆ. ದನ ಹುಲ್ಲು ಮೇದು, ಚಿಗುರು ತುಳಿದು, ಲಂಟಾನ ಕಳೆಯನ್ನು ಮೂಸದೆ ಬಿಟ್ಟು ಬರುತ್ತದೆ; ತೆರವಾದಲ್ಲಿ ಲಂಟಾನವೇ ಹಬ್ಬುತ್ತದೆ. ಇನ್ನು ಪರವಾದಿಗಳು ಕೊಂಡಾಡುವ ಗೊಬ್ಬರ: ಕಾಡು ಮೇದ ದನದ ಸಗಣಿ ಕಾಡಿನ ಮಣ್ಣಿಗೆ ಮರಳದೆ ಬಯಲಿನ ಹೊಲಕ್ಕೆ ಇಳಿಯುತ್ತದೆ.

ಹಾಗೆಂದು ನಾಳೆಯೇ ಬೇಲಿ ಹಾಕಿ ಎನ್ನುವುದಿಲ್ಲ. ಗ್ರಾಮಸಭೆ ಎಣಿಸಿ ಗುರುತಿಸಿದ ಊರಿನವರ ಸ್ವಂತ ದನಕ್ಕೆ, ಊರಂಚಿನ ಕಾಡು ಬಿಟ್ಟುಕೊಡಲು ನನ್ನ ತಕರಾರಿಲ್ಲ. ಒಳಗಾಡಿನ ದೊಡ್ಡಿಗಳು ಮಾತ್ರ ತೆರವಾಗಲೇಬೇಕು.