ಕಪಾಟು ಕಮ್ಮಿಯಾಗಲಿ, ಲೈಬ್ರರಿಯನ್ ಇರಲಿ

‘ಎಲ್ಲ ಮೊಬೈಲಲ್ಲೇ ಸಿಗುವಾಗ ಮೆಡಿಕಲ್ ಕಾಲೇಜಿಗೆ ಲೈಬ್ರರಿ ಯಾಕೆ’ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ನನ್ನ ತಂಗಿ ಮಗಳು ಓದುವ ಕಾಲೇಜಲ್ಲೂ ದಪ್ಪ ಪುಸ್ತಕಗಳ ಹತ್ತಿರ ಯಾರೂ ಸುಳಿಯುವುದಿಲ್ಲ, ಫ್ಯಾನು, ವೈಫೈ ಸಿಗುತ್ತೆ ಅಂತ ಬಂದು ಕೂರುವವರೇ ಜಾಸ್ತಿ. ಆದರೆ ಸಿಗುವುದು ಬೇರೆ, ಹುಡುಕುವುದು ಬೇರೆ, ಅಲ್ವಾ?

ನಾವು ಸಿದ್ದಾಪುರ ಕಡೆಯವರು. ಮಂಗನ ಕಾಯಿಲೆ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೋದ ರಜೆಯಲ್ಲಿ ಅವಳು ಅದರ ಮೇಲೆ ಪ್ರಾಜೆಕ್ಟ್ ಬರೆಯಲು ಕೂತು, ವೈದ್ಯಕೀಯ ಲೇಖನಗಳನ್ನು ಹುಡುಕುವ, 1997ರಿಂದ ಎಲ್ಲರಿಗೂ ಪುಕ್ಕಟೆ ಇರುವ ಪಬ್‌ಮೆಡ್ ಜಾಲತಾಣದಲ್ಲಿ ‘ಮಂಕಿ’, ‘ಫೀವರ್’ ಅಂತ ಹಾಕಿದಳು. ಬಂದದ್ದರಲ್ಲಿ ಮಂಗಗಳ ಮೇಲಿನ ಪ್ರಯೋಗಗಳೇ ರಾಶಿ. ಕಡೆಗೆ ಲೈಬ್ರರಿಯನ್ ಮೇಡಂಗೆ ಫೋನ್ ಮಾಡಿದಳು. ಐದೇ ನಿಮಿಷ. ಅಲ್ಲಿ ಕಾಯಿಲೆಗಳಿಗೆ ಮೆಶ್ ಅಂತ ಗೊತ್ತುಮಾಡಿದ ಹೆಸರುಗಳಿವೆ, ಇದಕ್ಕೆ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಅಂತ ಹಾಕು ಅಂದರು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ವೈರಸ್ ಅದು, ಜಾಗದ ಹೆಸರೇ ಬಿದ್ದುಬಿಟ್ಟಿದೆ. ಮೊದಲು ಅವಳಿಗೂ ಹೊಳೆದಿರಲಿಲ್ಲ. ಸುಮ್ನೆ ಕನ್ನಡದಲ್ಲಿ ಹುಡುಕಿದ್ದರೆ ಮಂಗನ ಬಾವು ಬರುತ್ತಿತ್ತೇನೋ!

ರಾಜೀವ್ ಗಾಂಧಿ ಆರೋಗ್ಯ ವಿವಿಯ ಹೆಲಿನೆಟ್ ಅನ್ನುವ ಡಿಜಿಟಲ್ ಲೈಬ್ರರಿಯಿಂದ ದುಬಾರಿ ಜರ್ನಲ್‌ಗಳೂ ಓದಲು ಸಿಗುತ್ತವೆ ಅಂತ ಅವಳಿಗೆ ತಿಳಿದದ್ದೂ ಆ ಫೋನಿನಲ್ಲೇ, ಅದೂ ಮೂರನೇ ವರ್ಷದಲ್ಲಿ. ಈಗೀಗ ಎಐ ಕೊಟ್ಟ ಲೇಖನದ ಹೆಸರು ಹಿಡಿದು ಬರುವ ಹುಡುಗರಿಗೆ, ಅಂಥ ಲೇಖನವೇ ಇಲ್ಲ ಮಾರಾಯಾ ಅಂತ ಹೇಳಿ ಕಳಿಸುವುದೂ ಮೇಡಂ ಕೆಲಸವೇ ಅಂತೆ.